ಮಳೆಯನ್ನು ದೂರುವುದು ಸಾಕು

ಒಂದು ಗಂಟೆ ಬಿರುಸಾಗಿ ಮಳೆ ಬಿದ್ದರೆ ತುಮಕೂರಿನ ಶೆಟ್ಟಿಹಳ್ಳಿ ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆ. ತಗ್ಗಿನ ಬಡಾವಣೆಗಳಲ್ಲಿ ಚರಂಡಿ ಉಕ್ಕಿ ಅಡುಗೆಮನೆಗೆ ನುಗ್ಗುತ್ತದೆ. ರಾತ್ರಿಯೆಲ್ಲ ಹೆಂಗಸರು ಬಕೆಟ್ಟು, ತಂಬಿಗೆ ಹಿಡಿದು ಕೊಳಕು ನೀರು ಎತ್ತಿ ಹಾಕುತ್ತಾರೆ. ಬೆಳಗಾದರೆ ಪತ್ರಿಕೆಯಲ್ಲಿ ‘ಮಳೆಯ ಅವಾಂತರ’, ಟೀವಿಯಲ್ಲಿ ‘ವರುಣನ ಆರ್ಭಟ’. ನೋಡಲು ಬಂದ ದೊಡ್ಡವರು ಕೈಕಟ್ಟಿ ನಿಂತು ‘ಈ ಸಲ ಮಳೆ ಜಾಸ್ತಿಯಾಯ್ತು’ ಎಂದು ಹೇಳಿ ಕಾರು ಹತ್ತುತ್ತಾರೆ.

ಇದು ಸುಳ್ಳು. ಇದನ್ನು ಸುಳ್ಳು ಎಂದು ಬಾಯಿಬಿಟ್ಟು ಹೇಳಬೇಕು. ನಮ್ಮ ಸೀಮೆ ಮಲೆನಾಡಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚುಕಡಿಮೆ 700 ಮಿಲಿಮೀಟರು. ಆಗುಂಬೆಯಲ್ಲಿ ಅಷ್ಟು ಮಳೆ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಕೊಡ ಸಾಲುಗಟ್ಟುತ್ತವೆ, ಆಗಸ್ಟಿನಲ್ಲಿ ಅದೇ ಬೀದಿಯ ಮನೆಯೊಳಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ. ಎರಡಕ್ಕೂ ಕಾರಣ ಒಂದೇ. ನೀರು ಇಂಗುವ ಜಾಗವನ್ನೂ ಹರಿಯುವ ದಾರಿಯನ್ನೂ ನಾವು ಕೊಂದಿದ್ದೇವೆ. ಕದ್ದುಮುಚ್ಚಿ ಅಲ್ಲ, ನಕ್ಷೆ ಬರೆಸಿ, ಶುಲ್ಕ ಕಟ್ಟಿ, ಮೊಹರು ಹಾಕಿಸಿಕೊಂಡು ಕೊಂದಿದ್ದೇವೆ.

ಶುರು ಮಾಡಬೇಕಾದದ್ದು ಕೆರೆಯಿಂದಲ್ಲ, ಮನೆಯ ತಾರಸಿಯಿಂದ.

ಮನೆ ಕಟ್ಟುವಾಗ ಮೇಸ್ತ್ರಿ ಕೇಳುತ್ತಾನೆ: ‘ಸಾರ್, ತಾರಸಿ ನೀರಿನ ಪೈಪು ಎಲ್ಲಿಗ್ ಬಿಡಣ?’ ಮಾಲೀಕರು ಯೋಚಿಸುವುದಿಲ್ಲ. ‘ಎಲ್ಲಾರು ಎಲ್ಲಿಗ್ ಬಿಟ್ಟವ್ರೋ ಅಲ್ಲಿಗೇ ಬಿಡಪ್ಪ.’ ಮೇಸ್ತ್ರಿ ಆ ಪೈಪನ್ನು ಒಳಚರಂಡಿಯ ಚೇಂಬರಿಗೆ ಜೋಡಿಸಿ ಸಿಮೆಂಟು ಮೆತ್ತುತ್ತಾನೆ. ಅರ್ಧ ಗಂಟೆಯ ಕೆಲಸ. ಆಮೇಲೆ ಆ ಮನೆಯವರಿಗೆ ಮಳೆ ಎಂದರೆ ಕಿಟಕಿಯಿಂದ ನೋಡುವ ಚಂದದ ಸಂಗತಿ ಮಾತ್ರ. ಆ ನೀರು ಎಲ್ಲಿಗೆ ಹೋಯಿತು, ಯಾರ ಮನೆಯ ಬಚ್ಚಲಿನಿಂದ ಮೇಲೆದ್ದಿತು ಎಂಬುದು ಅವರಿಗೆ ಜೀವಮಾನದಲ್ಲಿ ತಿಳಿಯುವುದಿಲ್ಲ.

ತಿಳಿಯಲಿ ಎಂದೇ ಲೆಕ್ಕ ಹೇಳುತ್ತೇನೆ. ಒಳಚರಂಡಿಯ ಕೊಳವೆಯನ್ನು ಹಾಕಿರುವುದು ಮನೆಯ ಬಳಕೆ ನೀರಿಗೆ, ಮಲಮೂತ್ರಕ್ಕೆ. ಒಬ್ಬರಿಗೆ ದಿನಕ್ಕೆ 135 ಲೀಟರು ನೀರು, ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ದೇಶದಲ್ಲೆಲ್ಲ ಎಂಜಿನಿಯರುಗಳು ಹಿಡಿಯುವ ಅಳತೆ. ಐದು ಜನರಿರುವ ಮನೆಯಿಂದ ದಿನವೊಂದಕ್ಕೆ ಸುಮಾರು 540 ಲೀಟರು. ಈಗ ಮಳೆ. ಮೂವತ್ತು–ನಲವತ್ತರ ಸೈಟು ಅಂದರೆ 1,200 ಚದರಡಿ. ಅದರ ಮೇಲೆ ಒಂದು ಸೆಂಟಿಮೀಟರು ಮಳೆ ಬಿದ್ದರೆ 1,100 ಲೀಟರಿಗೂ ಹೆಚ್ಚು ನೀರು. ಒಂದು ಗಂಟೆಯಲ್ಲಿ ಐದು ಸೆಂಟಿಮೀಟರು ಬಿದ್ದರೆ ಐದೂವರೆ ಸಾವಿರ ಲೀಟರು. ಅಂದರೆ ಆ ಮನೆ ಹತ್ತು ದಿನದಲ್ಲಿ ಹೊರಗೆ ಬಿಡುವ ಕೊಳಚೆಯಷ್ಟು ನೀರು ಒಂದೇ ಗಂಟೆಯಲ್ಲಿ ಅದೇ ಸಣ್ಣ ಕೊಳವೆಗೆ ನುಗ್ಗುತ್ತದೆ. ಒಂದು ಬೀದಿಯ ನಲವತ್ತು ಮನೆಯವರು ಹೀಗೆ ಮಾಡಿದರೆ ಏನಾಗಬೇಕು? ಮ್ಯಾನ್‌ಹೋಲಿನ ಮುಚ್ಚಳ ಹಾರಬೇಕು. ಹಾರುತ್ತದೆ. ಮೇಲಿನ ಬೀದಿಯಲ್ಲಲ್ಲ, ಕೆಳಗಿನ ಬೀದಿಯಲ್ಲಿ.

ಕೆಳಗಿನ ಬೀದಿಯಲ್ಲಿ ಇರುವವರು ಯಾರು? ಇದನ್ನು ಕೇಳದೆ ಚರಂಡಿಯ ಬಗ್ಗೆ ಬರೆಯುವುದು ಬರೀ ಕೊಳವೆಯ ವರ್ಣನೆಯಾಗುತ್ತದೆ. ದಿಣ್ಣೆಯ ಮೇಲಿನ ಸೈಟಿಗೆ ಬೆಲೆ ಹೆಚ್ಚು, ತಗ್ಗಿನದಕ್ಕೆ ಕಡಿಮೆ. ಬೀಡಿ ಕಟ್ಟುವವರು, ಗಾರೆ ಕೆಲಸದವರು, ಮಂಡಿಯಲ್ಲಿ ಮೂಟೆ ಹೊರುವವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಆಟೋ ಓಡಿಸುವವರು ಚೀಟಿ ಎತ್ತಿ, ಬಡ್ಡಿಗೆ ಸಾಲ ತಂದು ಕೊಂಡುಕೊಳ್ಳಲು ಆಗುವುದು ತಗ್ಗಿನ ಸೈಟನ್ನೇ. ಮೇಲಿನ ಮನೆಯ ತಾರಸಿ ನೀರು ಮೇಲಿನ ಮನೆಯ ಮಲವನ್ನೂ ಹೊತ್ತುಕೊಂಡು ಈ ಮನೆಯ ನೆಲದ ಮೇಲೆ ಎದ್ದು ನಿಲ್ಲುತ್ತದೆ. ಅಕ್ಕಿ ಚೀಲ ನೆನೆಯುತ್ತದೆ. ಮಕ್ಕಳ ಪುಸ್ತಕ ನೆನೆಯುತ್ತದೆ. ವಾರವೆಲ್ಲ ಫಿನಾಯಿಲು ಹಾಕಿ ತೊಳೆದರೂ ಗೋಡೆಯ ವಾಸನೆ ಹೋಗುವುದಿಲ್ಲ. ಆಮೇಲೆ ಜ್ವರ, ವಾಂತಿ, ಭೇದಿ. ಇದನ್ನು ಪ್ರಕೃತಿ ವಿಕೋಪ ಎಂದು ಕಡತದಲ್ಲಿ ಬರೆಯುವವರಿಗೆ ನಾಚಿಕೆಯಾಗಬೇಕು.

ಇನ್ನೊಬ್ಬರಿದ್ದಾರೆ. ಮ್ಯಾನ್‌ಹೋಲು ಕಟ್ಟಿಕೊಂಡ ಮರುಗಳಿಗೆ ಫೋನು ಹೋಗುವುದು ಪೌರಕಾರ್ಮಿಕರಿಗೆ. ರಕ್ಷಣಾ ಸಾಧನವಿಲ್ಲದೆ ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾದ ಗತಿ ಬಂದಿದೆ ಎಂದರೆ ಸಾವು ನಿಂತಿಲ್ಲ ಎಂದೇ ಅರ್ಥ. ಯಂತ್ರ ಬರಲು ತಡವಾದಾಗ, ಬೀದಿಯ ಜನ ಕೂಗಾಡಿದಾಗ, ಗಳ ಹಿಡಿದು ಆ ಬಾಯಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂರುವ ಮನುಷ್ಯ ಯಾವ ಜಾತಿಯವನು ಎಂದು ಈ ನಾಡಿನಲ್ಲಿ ಯಾರೂ ಕೇಳಬೇಕಾಗಿಲ್ಲ. ತಾರಸಿ ಪೈಪನ್ನು ಚೇಂಬರಿಗೆ ಜೋಡಿಸಿದ ಪ್ರತಿಯೊಬ್ಬ ಮಾಲೀಕನೂ ಆ ಮನುಷ್ಯನನ್ನು ಗುಂಡಿಯ ಅಂಚಿಗೆ ತಳ್ಳಿದ್ದಾನೆ. ತಿಳಿಯದೆ ಮಾಡಿದೆ ಎಂದರೆ ಇನ್ನು ಮುಂದೆ ಆ ಮಾತು ನಡೆಯುವುದಿಲ್ಲ.

ತಾರಸಿಯಿಂದ ಅಂಗಳಕ್ಕೆ ಬನ್ನಿ. ಅಂಗಳ ಎಲ್ಲಿದೆ? ಮನೆಯ ಸುತ್ತ ಜಾಗ ಬಿಡಬೇಕೆಂಬ ನಿಯಮ ಇರುವುದು ಗಾಳಿ ಬೆಳಕಿಗೆ ಮಾತ್ರವಲ್ಲ, ನೆಲ ಉಸಿರಾಡಲಿ ಎಂಬುದಕ್ಕೂ ಹೌದು. ನಕ್ಷೆಯಲ್ಲಿ ಜಾಗ ಬಿಟ್ಟಿರುತ್ತಾರೆ. ಕಟ್ಟುವಾಗ ಅರ್ಧ ನುಂಗುತ್ತಾರೆ. ಉಳಿದ ಅರ್ಧಕ್ಕೆ ಕಾಂಕ್ರೀಟು ಸುರಿದು ಪಾರ್ಕಿಂಗ್ ಟೈಲ್ಸು ಹಾಕುತ್ತಾರೆ, ‘ಕೆಸರಾಗ್ತದೆ, ಹಾವು ಬರ್ತದೆ’ ಎಂದು. ಗೇಟಿನ ಮುಂದೆ ಕಾರು ಹತ್ತಿಸಲು ರಸ್ತೆ ಬದಿಯ ಮೋರಿಯ ಮೇಲೇ ಇಳಿಜಾರು ಕಟ್ಟುತ್ತಾರೆ. ಮೋರಿಯೊಳಗೆ ಹೂಳು ತುಂಬಿದರೆ ತೆಗೆಯಲು ಕೈ ತೂರಿಸುವಷ್ಟು ಸಂದೂ ಇರುವುದಿಲ್ಲ. ಸೈಟಿನ ಹಿಂದೆ ಒಂದು ನುಗ್ಗೆ, ಒಂದು ತೆಂಗು, ನಾಲ್ಕು ಬಾಳೆ ಇದ್ದ ಕಡೆ ಈಗ ಬಟ್ಟೆ ಒಗೆಯುವ ಕಲ್ಲು, ಅದರ ಸುತ್ತ ಗ್ರಾನೈಟು. ಇಂಥ ಸಾವಿರ ಮನೆ ಸೇರಿದರೆ ಅದೇ ಐದು ಸೆಂಟಿಮೀಟರು ಮಳೆಗೆ ಐವತ್ತೈದು ಲಕ್ಷ ಲೀಟರು ನೀರು ಇಂಗಲು ಒಂದು ಗೇಣು ಜಾಗ ಸಿಗದೆ ಒಟ್ಟಿಗೆ ಬೀದಿಗೆ ಬೀಳುತ್ತದೆ.

ಬೀದಿ ತಾನೇ ಏನು ಮಾಡಿದೆ? 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದಾಗ ಊರಿಗೆ ಊರೇ ಸಂತೋಷಪಟ್ಟಿತು. ರಸ್ತೆಗಳು ಅಗಲವಾದವು, ಫುಟ್‌ಪಾತು ಬಂದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ರಸ್ತೆಯನ್ನು ಕೆತ್ತಿ ತೆಗೆಯದೆ ಅದರ ಮೇಲೇ ಮತ್ತೊಂದು ಪದರ ಹಾಕುತ್ತ ಹೋದ ಕಡೆಗಳಲ್ಲೆಲ್ಲ ರಸ್ತೆ ಮೇಲಾಯಿತು, ಮನೆ ಕೆಳಗಾಯಿತು. ಹೊಸದಾಗಿ ಕಟ್ಟುವವರು ಪಾಯವನ್ನು ಎರಡಡಿ ಏರಿಸಿದರು. ಪಕ್ಕದವರು ಮೂರಡಿ ಏರಿಸಿದರು. ಮೂವತ್ತು ವರ್ಷದ ಹಿಂದೆ ಮನೆ ಕಟ್ಟಿದ ನಿವೃತ್ತ ಮೇಷ್ಟ್ರು ಎಲ್ಲರಿಗಿಂತ ಕೆಳಗೆ ಉಳಿದರು. ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆ ಕಟ್ಟೆ ಕಟ್ಟಿಸಿಕೊಂಡು ತಮ್ಮ ಮನೆಗೆ ತಾವೇ ಹಾರಿ ಇಳಿಯುತ್ತಾರೆ.

ಮೇಲಿನ ಜಮೀನಿನ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನ ಜಮೀನಿನವನು ಅದನ್ನು ತಡೆಯಬಾರದು ಎಂದು 1882ರ ಅನುಭೋಗ ಹಕ್ಕುಗಳ ಕಾಯ್ದೆ ಹೇಳುತ್ತದೆ. ಊರಿನ ಪಂಚಾಯ್ತಿಗಳಲ್ಲೂ ಇದೇ ನ್ಯಾಯ ನಡೆದುಕೊಂಡು ಬಂದಿದೆ. ಆದರೆ ಸಹಜವಾಗಿ ಎಂಬ ಮಾತನ್ನು ಮರೆಯಬೇಡಿ. ಮಣ್ಣಿನ ಮೇಲೆ ಹರಡಿ, ಇಂಗಿ, ಮಿಕ್ಕಿದ್ದು ನಿಧಾನವಾಗಿ ಇಳಿದು ಬರುವ ನೀರು ಒಂದು. ನಾಲ್ಕಿಂಚಿನ ಪೈಪಿನಲ್ಲಿ ಒಟ್ಟುಮಾಡಿ ಪಕ್ಕದವನ ಕಾಂಪೌಂಡಿನ ಬುಡಕ್ಕೆ ಗುರಿಯಿಟ್ಟು ಬಿಡುವ ನೀರು ಇನ್ನೊಂದು. ಎರಡನೆಯದಕ್ಕೆ ಯಾವ ನ್ಯಾಯದಲ್ಲೂ ಜಾಗವಿರಬಾರದು. ಗೋಡೆ ಕುಸಿದು ಜಗಳವಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಅಕ್ಕಪಕ್ಕದವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ.

ಹಿಂದಿನ ಕಾಲವೆಲ್ಲ ಚೆನ್ನಾಗಿತ್ತು ಎಂದು ನಾನು ಹಾಡುತ್ತಿಲ್ಲ. ಹಳ್ಳಿಯ ತೊಟ್ಟಿಮನೆಯ ನೀರು ಹಿತ್ತಲಿನ ಬಾಳೆಬುಡಕ್ಕೆ ಹೋಗುತ್ತಿತ್ತು, ಸರಿ. ಅದರಾಚೆಗೆ ಊರಿನ ಕೊಚ್ಚೆ ಯಾವ ದಿಕ್ಕಿಗೆ ಹರಿಯುತ್ತಿತ್ತು? ಕೇರಿಯ ದಿಕ್ಕಿಗೆ. ಊರು ಮೇಲೆ, ಕೇರಿ ಕೆಳಗೆ. ನೆಲದ ಇಳಿಜಾರನ್ನೂ ಜಾತಿಗೆ ತಕ್ಕಂತೆ ಹಂಚಿಕೊಂಡಿದ್ದ ಸಮಾಜ ನಮ್ಮದು. ಇವತ್ತಿನ ನಗರ ಅದೇ ಇಳಿಜಾರನ್ನು ಸೈಟಿನ ದರಪಟ್ಟಿಯಲ್ಲಿ ಮುಂದುವರಿಸಿದೆ. ಹಾಗಾಗಿ ಇದು ಎಂಜಿನಿಯರಿಂಗ್ ಪ್ರಶ್ನೆ ಎಂದು ಹೇಳಿ ಕೈ ತೊಳೆದುಕೊಳ್ಳಲು ಬಿಡುವುದಿಲ್ಲ.

ಬೀದಿಯಿಂದ ರಾಜಕಾಲುವೆ. ಹೆಸರೇ ಗೊತ್ತಿಲ್ಲದ ಎಷ್ಟೋ ಕಾಲುವೆಗಳು ತುಮಕೂರಿನ ಒಳಗೆ ಇದ್ದವು. ಹಳೆಯ ಗ್ರಾಮನಕ್ಷೆ ತೆಗೆದು ನೋಡಿ: ಕೆರೆಯಿಂದ ಕೆರೆಗೆ ನೀರಿನ ಗೆರೆಗಳು ಎಳೆದಿವೆ, ಬದಿಯಲ್ಲಿ ಖರಾಬು ಎಂದು ಗುರುತಿದೆ. ದೇವರಾಯಪಟ್ಟಣದ ಕೆರೆ, ಅಮಾನಿಕೆರೆ, ಮರಳೂರು ಕೆರೆ, ಉಪ್ಪಾರಹಳ್ಳಿ ಕೆರೆ, ಭೀಮಸಂದ್ರದ ಕೆರೆ. ಒಂದರ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಕೆರೆ ಒಂಟಿಯಾಗಿ ಬದುಕುವುದಿಲ್ಲ. ಅದಕ್ಕೆ ಬರುವ ದಾರಿ ಬೇಕು, ಹೋಗುವ ದಾರಿ ಬೇಕು. ಅಮಾನಿಕೆರೆಯ ಸುತ್ತ ನಡಿಗೆಯ ಹಾದಿ ಮಾಡಿದರು, ದೋಣಿ ತಂದರು, ಪಕ್ಕದಲ್ಲಿ ಗಾಜಿನಮನೆ ಎದ್ದಿತು. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಒಂದು ಜಾಗ ಆಯಿತು. ಆದರೆ ಅದಕ್ಕೆ ನೀರು ತರುವ ಕಾಲುವೆಗಳ ಗತಿ ಏನಾಗಿದೆ ಎಂದು ಏರಿಯ ಆಚೆಗೆ ನಡೆದು ನೋಡಿದವರೆಷ್ಟು? ಮೂವತ್ತಡಿ ಅಗಲವಿದ್ದ ಕಾಲುವೆ ಬಡಾವಣೆಗೆ ಬಂದಾಗ ಹತ್ತಡಿ, ಮುಂದಿನ ತಿರುವಿನಲ್ಲಿ ಐದಡಿ, ಆಮೇಲೆ ಒಂದು ಸಿಮೆಂಟು ಕೊಳವೆ, ಆಮೇಲೆ ಯಾರದೋ ಮನೆಯ ಅಡಿಪಾಯ. ನೀರಿಗೆ ಕಡತ ಓದಲು ಬರುವುದಿಲ್ಲ. ಅದು ತನ್ನ ಹಳೆಯ ದಾರಿಯಲ್ಲೇ ಬರುತ್ತದೆ.

ಆ ಅಡಿಪಾಯ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಒಂದೊಂದಾಗಿ ಹೇಳಬೇಕು, ಏಕೆಂದರೆ ಇಲ್ಲಿ ಕಳ್ಳ ಒಬ್ಬನಲ್ಲ. ಜಮೀನಿನ ಮಾಲೀಕ ಕಾಲುವೆಯ ಅಂಚನ್ನು ಉತ್ತು ಸ್ವಲ್ಪ ಸ್ವಲ್ಪ ಒಳಗೆ ಹಾಕಿಕೊಂಡ. ಬಡಾವಣೆ ಮಾಡುವವನು ಬಂದು ಲಾರಿಗಟ್ಟಲೆ ಮಣ್ಣು ಸುರಿದ. ಭೂಪರಿವರ್ತನೆಗೆ ಅರ್ಜಿ ಹೋಯಿತು. ಸ್ಥಳ ತನಿಖೆ ಮಾಡಿದೆ ಎಂದು ಬರೆದವನು ಸ್ಥಳಕ್ಕೆ ಹೋಗಲಿಲ್ಲ, ಅಥವಾ ಹೋಗಿ ಕಣ್ಣು ಮುಚ್ಚಿಕೊಂಡ. ಬಡಾವಣೆ ನಕ್ಷೆಗೆ ಒಪ್ಪಿಗೆ ಸಿಕ್ಕಿತು, ಸಿಗದಿದ್ದರೂ ಕಂದಾಯ ಸೈಟು ಎಂದು ಮಾರಾಟವಾಯಿತು. ನೋಂದಣಿಯಾಯಿತು. ಖಾತೆಯಾಯಿತು. ಮನೆ ಕಟ್ಟಲು ಪರವಾನಗಿ, ಕರೆಂಟು, ನಲ್ಲಿ, ಬ್ಯಾಂಕಿನ ಸಾಲ. ಇಷ್ಟೂ ಜನರ ಸಹಿ ಆ ಗೋಡೆಯೊಳಗಿದೆ. ಕೊನೆಗೆ ಒಂದು ದಿನ ನೆರೆ ಬಂದು ಜೆಸಿಬಿ ಹೊರಟರೆ ಮೊದಲು ಬೀಳುವುದು ಶೀಟಿನ ಮನೆ, ಗುಡಿಸಲು, ಕಾಲುವೆ ದಂಡೆಯಲ್ಲಿ ಟೀ ಅಂಗಡಿ ಇಟ್ಟವಳ ಪೆಟ್ಟಿಗೆ. ಅದೇ ಕಾಲುವೆಯ ಮೇಲಿನ ಕಲ್ಯಾಣಮಂಟಪಕ್ಕೆ, ವಾಣಿಜ್ಯ ಸಂಕೀರ್ಣಕ್ಕೆ ತಡೆಯಾಜ್ಞೆ ಸಿಗುತ್ತದೆ. ಸರ್ಕಾರಿ ಜಮೀನಿನ ಒತ್ತುವರಿಯನ್ನು ಅಪರಾಧ ಎಂದು ಕರೆಯುವ 192ಎ ಕಲಮು ಕರ್ನಾಟಕದ ಭೂಕಂದಾಯ ಕಾಯ್ದೆಯಲ್ಲಿದೆ. ಒತ್ತುವರಿಗೆ ಕುಮ್ಮಕ್ಕು ಕೊಟ್ಟ ಅಧಿಕಾರಿಯನ್ನೂ ಆ ಕಾಯ್ದೆ ಬಿಡುವುದಿಲ್ಲ ಎಂದು ಬರೆದಿದೆ. ಬರೆದಿದೆ. ಜೈಲು ಕಂಡ ಅಧಿಕಾರಿಯ ಮುಖ ನಾನಂತೂ ನೋಡಿಲ್ಲ.

ಕಾಲುವೆಯ ಪಾಡು ಇದು. ಇನ್ನು ತುಮಕೂರಿನ ಒಳಚರಂಡಿ ನೀರು ಹೋಗುವುದು ಭೀಮಸಂದ್ರದ ಶುದ್ಧೀಕರಣ ಘಟಕಕ್ಕೆ. ಅಲ್ಲಿನ ಯಂತ್ರಕ್ಕೆ ದಿನಕ್ಕೆ ಇಷ್ಟೇ ಎಂಬ ಅಳತೆಯಿದೆ. ಸಾವಿರಾರು ತಾರಸಿಗಳ ಮಳೆನೀರು ಕೊಳಚೆಯ ಜೊತೆ ಒಮ್ಮೆಲೇ ನುಗ್ಗಿ ಬಂದರೆ ಯಾವ ಘಟಕವೂ ಅದನ್ನು ತೊಳೆಯಲಾರದು. ಮಿಕ್ಕಿದ್ದು ಹಾಗೆಹಾಗೇ ಕೆರೆಗೆ, ಹಳ್ಳಕ್ಕೆ. ಭೀಮಸಂದ್ರ ಇರುವುದು ಗುಬ್ಬಿಯ ದಿಕ್ಕಿಗೆ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರನ್ನೂ ಪೋಣಿಸುವುದು ಶಿಂಷಾ ನದಿ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುತ್ತದೆ. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಕಡೆಗೆ ಉತ್ತರಕ್ಕೆ ಹೋಗಿ ಪೆನ್ನೆಗೆ ಸೇರಿದರೆ, ಶಿಂಷಾ ದಕ್ಷಿಣಕ್ಕೆ ತಿರುಗಿ ಕಾವೇರಿಗೆ ಸೇರುತ್ತದೆ. ದಾರಿಯಲ್ಲಿ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ. ಲಂಕೆಯಿಂದ ಮರಳುವಾಗ ರಾಮನೇ ಕಟ್ಟಿಸಿದ ಕೆರೆ ಎಂದು ಜನ ನಂಬಿಕೊಂಡು ಬಂದ ಕೆರೆ ಅದು. ಅಲ್ಲಿಂದ ತುರುವೇಕೆರೆ ಸೀಮೆ ದಾಟಿ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು. ನೀರು ಒಂದು ಮಟ್ಟ ಮುಟ್ಟಿದರೆ ಮನುಷ್ಯನ ಕೈ ಇಲ್ಲದೆ ತಾನಾಗಿ ಹೊರಗೆ ಹರಿಯುವ ಸೈಫನ್ ಅಲ್ಲಿದೆ. ಹೆಚ್ಚಾದ ನೀರಿಗೆ ಹೊರದಾರಿ ಇರಲೇಬೇಕು ಎಂದು ಅಂದಿನ ಎಂಜಿನಿಯರುಗಳು ಮೊದಲು ಯೋಚಿಸಿದರು, ಆಮೇಲೆ ಕಟ್ಟಿದರು. ಕೆರೆಗೆ ಕೋಡಿ ಇಟ್ಟ ಹಳ್ಳಿಗರಿಗೂ ಅದೇ ಬುದ್ಧಿ ಇತ್ತು. ಆ ಕೋಡಿಯ ಎದುರಿಗೇ ಸೈಟು ಹಂಚಿದ ನಮ್ಮ ಕಾಲದವರಿಗೆ ಇಲ್ಲ.

ಕುಣಿಗಲ್‌ನ ಕೆರೆಯ ಮೇಲೆ ಜನಪದರು ಹಾಡು ಕಟ್ಟಿದರು. ಆ ಹಾಡು ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಹಾಡನ್ನು ಕಾಲೇಜಿನ ವೇದಿಕೆಗಳಲ್ಲಿ ಕುಣಿದು ಹಾಡುತ್ತೇವೆ. ಆ ಕೆರೆಯನ್ನು ಅಗೆದವರು, ಮಣ್ಣು ಹೊತ್ತವರು, ತೂಬು ಕಾಯ್ದ ನೀರುಗಂಟಿಗಳು ಯಾರೆಂದು ಕೇಳುವುದಿಲ್ಲ. ಈ ಸೀಮೆಯ ಎಷ್ಟೋ ಕೆರೆಗಳನ್ನು ಕಟ್ಟಿದ್ದು ಒಡ್ಡರ ಸನಿಕೆ, ಕಾಯ್ದದ್ದು ದಲಿತರ ಕಣ್ಣು. ಯಾವ ಗದ್ದೆಗೆ ಎಷ್ಟು ನೀರು ಎಂಬುದು ನೀರುಗಂಟಿಗೆ ಗೊತ್ತಿತ್ತು. ಕಾಲುವೆಗೆ ಮುಳ್ಳು ಬಿದ್ದರೆ ಅವನಿಗೆ ಮೊದಲು ಗೊತ್ತಾಗುತ್ತಿತ್ತು. ಆ ಕೆಲಸವನ್ನು ತೆಗೆದುಹಾಕಿ ಅದನ್ನು ಐದಾರು ಇಲಾಖೆಗಳಿಗೆ ಹಂಚಿದೆವು. ಸಣ್ಣ ನೀರಾವರಿಯವರನ್ನು ಕೇಳಿದರೆ ಪಾಲಿಕೆ ಎನ್ನುತ್ತಾರೆ, ಪಾಲಿಕೆ ಕಂದಾಯ ಇಲಾಖೆ ಎನ್ನುತ್ತದೆ, ಕಂದಾಯದವರು ಸರ್ವೆ ಆಗಲಿ ಎನ್ನುತ್ತಾರೆ. ಹೆದ್ದಾರಿ ಅಗಲ ಮಾಡುವವರು ಹಳ್ಳದ ಮೇಲೆ ಮಣ್ಣಿನ ದಿಬ್ಬ ಏರಿಸಿ ಎರಡು ಕೊಳವೆ ತೂರಿಸಿ ಹೋಗುತ್ತಾರೆ. ಕಾಲುವೆ ಅನಾಥ.

ಇನ್ನು ಹೇಮಾವತಿ. ಹಾಸನ ಜಿಲ್ಲೆಯ ಗೊರೂರಿನಿಂದ ಇನ್ನೂರು ಕಿಲೋಮೀಟರು ಮೀರಿದ ನಾಲೆಯಲ್ಲಿ ಹರಿದು ಬರುವ ನೀರನ್ನು ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಕೊಂಡು ತುಮಕೂರು ಕುಡಿಯುತ್ತದೆ. ಆ ನಾಲೆಯಿಂದ ಕುಣಿಗಲ್ ಕಡೆಗೆ ನೇರವಾಗಿ ಲಿಂಕ್ ಕಾಲುವೆ ತೆಗೆಯುವ, ಸಾವಿರ ಕೋಟಿ ರೂಪಾಯಿ ಆಸುಪಾಸಿನ ಯೋಜನೆಗೆ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದಲ್ಲಿ ಸಾವಿರಾರು ಜನ ಎದುರು ನಿಂತರು. ಗುಬ್ಬಿಯವರಿಗೆ ತಮ್ಮ ಪಾಲು ಹೋಗುತ್ತದೆಂಬ ಸಂಕಟ. ಕುಣಿಗಲ್‌ನವರಿಗೆ ತಮ್ಮ ಪಾಲು ಇಷ್ಟು ವರ್ಷವಾದರೂ ಬರಲಿಲ್ಲವೆಂಬ ಸಂಕಟ. ಎರಡೂ ನಿಜವಾದ ಸಂಕಟಗಳು. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿ ಎರಡು ತಾಲ್ಲೂಕಿನಲ್ಲೂ ಇವೆ, ಒಣಗಿದ ತೆಂಗು ಎರಡು ತಾಲ್ಲೂಕಿನಲ್ಲೂ ಇವೆ. ಒಂದೇ ನದಿಯ ಮಕ್ಕಳು ಹಾಸನದ ನೀರಿಗಾಗಿ ಒಬ್ಬರ ಮೇಲೊಬ್ಬರು ತಿರುಗಿಬಿದ್ದಿರುವಾಗ, ಅವರಿಬ್ಬರಿಗೂ ಮೇಲಿರುವ ನಗರ ತನ್ನ ನೆತ್ತಿಯ ಮೇಲೆ ಬಿದ್ದ ಮಳೆಯನ್ನು ಮಲದ ಜೊತೆ ಕಲಸಿ ಕೆಳಗೆ ಬಿಡುತ್ತಿದೆ. ಒಂದು ಮೂವತ್ತು–ನಲವತ್ತರ ಸೈಟಿನ ಮೇಲೆ ವರ್ಷಕ್ಕೆ ಬೀಳುವ ನೀರು ಹೆಚ್ಚುಕಡಿಮೆ 78,000 ಲೀಟರು. ಹತ್ತು ಟ್ಯಾಂಕರು ಮೀರುತ್ತದೆ. ಅದನ್ನು ಕೆಡಿಸಿ ಎಸೆದು ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನು ಮಾಡುವ ಮನೆಗಳು ಎಷ್ಟೋ.

ಸರ್ಕಾರ ಏನು ಮಾಡಿತು? ಕೆರೆಗಳನ್ನು ಕಾಯಲೆಂದು 2014ರಲ್ಲಿ ಒಂದು ಕಾಯ್ದೆ ತಂದು ಪ್ರಾಧಿಕಾರ ರಚಿಸಿತ್ತು. ಕೆರೆಯ ಸುತ್ತ 30 ಮೀಟರು ಜಾಗವನ್ನು ಮುಟ್ಟಬಾರದು ಎಂಬ ಬೇಲಿ ಅದರಲ್ಲಿತ್ತು. 2025ರ ಆಗಸ್ಟಿನಲ್ಲಿ ವಿಧಾನಸಭೆ ಆ ಬೇಲಿಯನ್ನು ಕೆರೆಯ ಅಳತೆಗೆ ತಕ್ಕಂತೆ ಕಿರಿದುಮಾಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ದೊಡ್ಡ ಕೆರೆಗೆ ಮೂವತ್ತು ಮೀಟರು ಉಳಿಸಿ, ಸಣ್ಣದಾಗುತ್ತ ಹೋದಂತೆ ಕಡಿಮೆ ಮಾಡಿ, ತೀರಾ ಸಣ್ಣ ಕಟ್ಟೆಗೆ ಏನೂ ಇಲ್ಲ ಎಂದಿತು. ಕುಂಟೆ, ಕಟ್ಟೆಗಳೇ ದೊಡ್ಡ ಕೆರೆಯ ಬೇರು ಎಂಬುದನ್ನು ತಿಳಿಯದವರು ಈ ತಿದ್ದುಪಡಿ ಬರೆದರೆ, ತಿಳಿದೂ ಸುಮ್ಮನಿದ್ದವರು ಕೈ ಎತ್ತಿದರು. ಕುರಿ ನೀರು ಕುಡಿಯುವ ಕಟ್ಟೆಯನ್ನು ಕಾಯುವುದಕ್ಕೆ ಇನ್ನು ಕುರಿಗಾಹಿಯೇ ದೊಣ್ಣೆ ಹಿಡಿದು ನಿಲ್ಲಬೇಕು.

ಎಪ್ಪತ್ತು ಕಿಲೋಮೀಟರು ದೂರದಲ್ಲಿ ಬೆಂಗಳೂರಿದೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕೋಟ್ಯಧಿಪತಿಗಳನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಿದ್ದನ್ನು ಇಡೀ ದೇಶ ನೋಡಿತು. ಅದೇ ವರ್ಷ ನಮ್ಮ ಜಿಲ್ಲೆಯ ಕೆರೆಗಳೂ ಕೋಡಿ ಬಿದ್ದವು. ಜನ ಬಾಗಿನ ಕೊಟ್ಟರು, ಸಂತೋಷಪಟ್ಟರು. ನೀರು ಇಳಿದ ಮೇಲೆ ತಗ್ಗಿನ ಬಡಾವಣೆಗಳ ಪಟ್ಟಿ ಮಾಡಿ ಕಾಲುವೆ ಬಿಡಿಸಬೇಕಾಗಿತ್ತು. ಬದಲಿಗೆ ಹೊಸ ಬಡಾವಣೆಗಳ ಜಾಹೀರಾತು ಫಲಕಗಳು ಬಂದವು: ‘ಕೆರೆ ನೋಟದ ನಿವೇಶನಗಳು’.

‘ಹಾಗಾದರೆ ಮನೆ ಕಟ್ಟಲೇಬಾರದೇ?’ ಎಂದು ಕೇಳುವವರಿದ್ದಾರೆ. ಕಟ್ಟಿ. ಕಟ್ಟುವ ಖರ್ಚಿನಲ್ಲಿ ಗೇಟಿಗೆ ಸುರಿಯುವಷ್ಟು ಹಣವನ್ನು ನೀರಿಗೆ ಕೊಡಿ. ನಮ್ಮ ಕೆಂಪು ಮಣ್ಣು ನೀರು ಕುಡಿಯುತ್ತದೆ. ಕುಡಿಯಲು ಬಿಡಬೇಕು ಅಷ್ಟೆ. ತಾರಸಿಯ ಪೈಪಿನ ಬುಡದಲ್ಲಿ ಜಲ್ಲಿ, ಮರಳಿನ ಸೋಸುಗುಂಡಿ. ಅಲ್ಲಿಂದ ಸಂಪು. ಸಂಪು ತುಂಬಿದ ಮೇಲಿನ ನೀರು ಸಿಮೆಂಟು ಬಳೆ ಇಳಿಸಿದ ಇಂಗುಬಾವಿಗೆ. ಮೂರಡಿ ಅಗಲ, ಹತ್ತರಿಂದ ಹದಿನೈದು ಅಡಿ ಆಳ, ಬಳೆಗಳ ನಡುವೆ ಸಂದು ಬಿಟ್ಟು, ಪಾಯದಿಂದ ದೂರ, ಮಲಗುಂಡಿಯಿಂದ ಇನ್ನೂ ದೂರ. ಇಂಗುಬಾವಿಯೂ ತುಂಬಿದರೆ ಮಾತ್ರ ರಸ್ತೆ ಬದಿಯ ಮಳೆನೀರಿನ ಮೋರಿಗೆ. ಒಳಚರಂಡಿಗೆ ಒಂದು ಹನಿಯೂ ಬೇಡ. ಮನೆಯ ಸುತ್ತಲಿನ ಜಾಗಕ್ಕೆ ಕಾಂಕ್ರೀಟಿನ ಬದಲು ಸಂದು ಬಿಟ್ಟ ಕಡಪ ಕಲ್ಲು, ನಡುವೆ ಹುಲ್ಲು ಅಥವಾ ಜಲ್ಲಿ. ಬಾವಿ ತೋಡುವ ಕಸುಬಿನವರು ನಮ್ಮ ಊರುಗಳಲ್ಲೇ ಇದ್ದಾರೆ, ಕೆಲಸವಿಲ್ಲದೆ ಗಾರೆ ಕೂಲಿಗೆ ಹೋಗುತ್ತಿದ್ದಾರೆ. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1995ರಲ್ಲಿ ಕಟ್ಟಿದ ‘ಸೌರಭ’ ಎಂಬ ಮನೆ ದಶಕಗಳಿಂದ ಮಳೆನೀರಿನಲ್ಲೇ ನಡೆಯುತ್ತಿದೆ. ಅದು ಅರಮನೆಯಲ್ಲ, ಸಾಧಾರಣ ಸೈಟಿನ ಸಾಧಾರಣ ಮನೆ. ಬೆಂಗಳೂರಿನಲ್ಲಿ 1,200 ಚದರಡಿಗೆ ಕಡಿಮೆಯಿಲ್ಲದ ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದು 2009ರಲ್ಲಿ. ಅಲ್ಲಿಯೂ ಎಷ್ಟೋ ಮಂದಿ ಒಂದು ನೀಲಿ ಡ್ರಮ್ಮು ಇಟ್ಟು ಫೋಟೋ ತೆಗೆಸಿ ಮುಗಿಸಿದರು. ನಮ್ಮಲ್ಲಿ ಆ ಫೋಟೋದ ಆಟವೂ ನಡೆಯಬಾರದು. ಮಳೆ ಬೀಳುವ ದಿನ ಬಂದು ನೋಡುವ ಅಧಿಕಾರಿ ಬೇಕು.

ತಗ್ಗಿನಲ್ಲಿ ಈಗಾಗಲೇ ಸಿಕ್ಕಿಕೊಂಡಿರುವ ಬಡವರಿಗೆ ಇಂಗುಗುಂಡಿಯ ಪಾಠ ಹೇಳಲು ಯಾರೂ ಹೋಗಬೇಡಿ. ಅವರ ಅರ್ಧ ಸೈಟಿನಲ್ಲಿ ಗುಂಡಿಗೆ ಜಾಗವಿಲ್ಲ, ತಪ್ಪೂ ಅವರದಲ್ಲ. ಗುಂಡಿ ತೋಡಬೇಕಾದವರು ದಿಣ್ಣೆಯ ಮೇಲಿನವರು, ಶಾಲೆ ಕಾಲೇಜುಗಳು, ಕಲ್ಯಾಣಮಂಟಪಗಳು, ಎಕರೆಗಟ್ಟಲೆ ತಾರಸಿ ಇರುವ ಸರ್ಕಾರಿ ಕಚೇರಿಗಳು. ಎಕರೆ ತಾರಸಿಯ ಮೇಲೆ ಒಂದೇ ಸೆಂಟಿಮೀಟರು ಮಳೆ ಬಿದ್ದರೆ 40,000 ಲೀಟರು ನೀರು. ಅದನ್ನು ಬೀದಿಗೆ ಬಿಟ್ಟುಕೊಂಡು ಕೂತ ಕಚೇರಿಗೆ ನಾಗರಿಕನಿಗೆ ನೋಟಿಸು ಕೊಡುವ ಯೋಗ್ಯತೆ ಇಲ್ಲ.

ನಾವು ಕೇಳುವುದು ಭಿಕ್ಷೆಯಲ್ಲ. ಗ್ರಾಮನಕ್ಷೆಯಲ್ಲಿರುವ ರಾಜಕಾಲುವೆಗಳನ್ನು ಅಳೆದು, ಎಲ್ಲಿ ಎಷ್ಟು ಅಗಲವಿತ್ತು, ಈಗ ಎಷ್ಟಿದೆ, ಅಲ್ಲಿ ಕಟ್ಟಲು ಯಾವ ವರ್ಷ ಯಾವ ಕಚೇರಿ ಅನುಮತಿ ಕೊಟ್ಟಿತು ಎಂಬುದನ್ನು ವಾರ್ಡುವಾರು ಬರೆದು ಪಾಲಿಕೆಯ ಗೋಡೆಗೆ ಹಚ್ಚಬೇಕು. ಒತ್ತುವರಿ ತೆಗೆಯುವುದನ್ನು ದೊಡ್ಡ ಕಟ್ಟಡದಿಂದ ಶುರು ಮಾಡಬೇಕು. ಬಡವರ ಮನೆ ಕೆಡವಲೇಬೇಕಾದರೆ ಮೊದಲು ಎತ್ತರದ ಜಾಗದಲ್ಲಿ ಮನೆ ಕೊಟ್ಟು ಕೀಲಿ ಕೈಗಿಟ್ಟ ಮೇಲೆ ಕೆಡವಬೇಕು. ಮುಂಗಾರಿಗೆ ಮುಂಚೆ ಮನೆ ಮನೆಗೆ ಹೋಗಿ ಚೇಂಬರಿಗೆ ಜೋಡಿಸಿರುವ ತಾರಸಿ ಪೈಪುಗಳನ್ನು ಕತ್ತರಿಸಬೇಕು, ಮಾಲೀಕ ಶಾಸಕನಾಗಿದ್ದರೂ ಗುತ್ತಿಗೆದಾರನಾಗಿದ್ದರೂ. ಇಂಗುಬಾವಿ ಇಲ್ಲದ ಹೊಸ ಮನೆಗೆ ಕರೆಂಟು ಕೊಡಕೂಡದು. ರಸ್ತೆ ಮಾಡುವವರು ಹಳೆಯ ಪದರ ಕೆತ್ತದೆ ಹೊಸ ಪದರ ಹಾಕಿದರೆ ಬಿಲ್ಲು ಆಗಕೂಡದು.

ಮತ್ತೊಂದು ಬೇಡಿಕೆ ಇದೆ. ತುಮಕೂರಿನ ಮಳೆನೀರು, ಕೊಳಚೆ, ಕೆರೆಗಳ ಬಗ್ಗೆ ತೀರ್ಮಾನ ಮಾಡುವ ಪ್ರತಿ ಸಭೆಯಲ್ಲೂ ಕಡಬದ ಅಚ್ಚುಕಟ್ಟಿನ ರೈತರೂ ಮಾರ್ಕೋನಹಳ್ಳಿ ಕೆಳಗಿನ ರೈತರೂ ಕುರ್ಚಿ ಹಾಕಿಕೊಂಡು ಕೂರಬೇಕು, ಅವರ ಪಕ್ಕದಲ್ಲಿ ಮ್ಯಾನ್‌ಹೋಲಿನ ಕೆಲಸ ಗೊತ್ತಿರುವ ಪೌರಕಾರ್ಮಿಕರು ಕೂರಬೇಕು, ಮತ್ತು ಅವರು ಬೇಡವೆಂದ ಬಡಾವಣೆಗೆ ಒಪ್ಪಿಗೆ ಸಿಗಬಾರದು. ಹೊಸ ಬಡಾವಣೆಗಳ ನಕ್ಷೆ ಇನ್ನು ಯಾವ ಕಚೇರಿಯಲ್ಲಿ ಸಹಿಗೆ ಬಂದರೂ ಮೊದಲು ಅವರ ಮುಂದೆ ಬಿಚ್ಚಿ.